ಕವಾಟದ ಬುಸುಗುಟ್ಟು

ಚನ್ನಗಿರಿಯಲ್ಲಿ ಅಡಕೆ ವ್ಯಾಪಾರ ಮಾಡುವ ನನ್ನ ಸೋದರಳಿಯನು ಟರ್ಬೋ ಪೆಟ್ರೋಲ್ ಕಾರೊಂದನ್ನು ಕೊಂಡು ವರ್ಷ ತುಂಬಿಲ್ಲ. ಆಗಲೇ ಅದರ ಬ್ಲೋ-ಆಫ್ ಕವಾಟವನ್ನು ತೆಗೆಸಿ, ಗಾಳಿಯನ್ನು ಹೊರಕ್ಕೆ ಬಿಡುವ ಹೊಸದೊಂದನ್ನು ಹಾಕಿಸಿದ್ದಾನೆ. ಹೊನ್ನಾಳಿಯಿಂದ ನ್ಯಾಮತಿಗೆ ನನ್ನನ್ನು ಕರೆದೊಯ್ದಾಗ, ಅವನು ಕಾಲು ತೆಗೆದಾಗಲೆಲ್ಲ ಕಾರು ಬುಸ್ಸೆಂದಿತು. ಹಿಂದೆ ಮಲಗಿದ್ದ ಮಗು ಎರಡು ಬಾರಿ ಬೆಚ್ಚಿ ಎದ್ದಿತು.

"ಮಾವ, ಈಗ ಶಕ್ತಿ ಹೆಚ್ಚಿದೆ" ಎಂದನು. ಹೆಚ್ಚಿದ್ದು ಸದ್ದು ಮಾತ್ರವೆಂದು ನನ್ನ ಮತ.

ಎಂಜಿನ್ನಿನಿಂದ ಹೊರಬರುವ ಬಿಸಿಹೊಗೆಯು ಟರ್ಬೋ ಚಕ್ರವನ್ನು ತಿರುಗಿಸುತ್ತದೆ. ಚಕ್ರವು ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಕಾಲು ತೆಗೆದೊಡನೆ ಗಾಳಿಯ ಬಾಗಿಲು ಮುಚ್ಚುವುದು. ಒತ್ತಿದ ಗಾಳಿ ಹಿಂದಿರುಗಿ ಚಕ್ರವನ್ನೇ ಹೊಡೆಯದಂತೆ ಕಾಯುವುದು ಈ ಕವಾಟ, ಸೂಳೆಕೆರೆಗೆ ಕೋಡಿಯಿದ್ದಂತೆ. ಕೋಡಿಯನ್ನು ಅಗಲಗೊಳಿಸಿದರೆ ಕೆರೆಯಲ್ಲಿ ನೀರು ಹೆಚ್ಚುವುದುಂಟೆ?

ಅನೇಕ ಕಾರುಗಳಲ್ಲಿ ತಯಾರಕರು ಈ ಗಾಳಿಯನ್ನು ಒಳದಾರಿಗೇ ಮರಳಿಸುತ್ತಾರೆ. ಗಾಳಿಯನ್ನು ಮೊದಲೇ ಅಳೆದುಕೊಳ್ಳುವ ಎಂಜಿನ್ನಾದರೆ, ಲೆಕ್ಕಕ್ಕೆ ಬಂದ ಗಾಳಿ ಹೊರಹೋದುದನ್ನರಿಯದೆ ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತದೆ, ಗೇರು ಬದಲಿಸುವಾಗ ಮುಗ್ಗರಿಸುತ್ತದೆ. ಅಳಿಯನ ಕಾರೂ ಮುಗ್ಗರಿಸಿತು. ಅವನು ರಸ್ತೆಯನ್ನು ದೂರಿದನು!

ಹಳೆಯ ಕವಾಟದ ಪೊರೆ ಹರಿದು ಒತ್ತಡ ಸೋರುತ್ತಿದ್ದರೆ, ಅಥವಾ ಎಂಜಿನ್ನಿನ ಒತ್ತಡವನ್ನೇ ಏರಿಸಿದ್ದರೆ, ಬದಲಿಸುವುದು ನ್ಯಾಯ. ಇವನದು ಎರಡೂ ಅಲ್ಲ. ಜಗಳೂರಿನ ಅವನ ಸ್ನೇಹಿತನಂತೂ ಡೀಸೆಲ್ ಕಾರಿಗೇ ಇದನ್ನು ಹುಡುಕುತ್ತಿರುವನಂತೆ. ಡೀಸೆಲ್ಲಿನಲ್ಲಿ ಕಾಲು ತೆಗೆದರೆ ಹಾಗೆ ಬಾಗಿಲು ಮುಚ್ಚುವುದಿಲ್ಲ. ಕವಾಟಕ್ಕೆ ಅಲ್ಲೇನು ಕೆಲಸ?

ನಾಳೆ ಎಂಜಿನ್ನು ಕೆಟ್ಟರೆ ಈ ಕವಾಟವನ್ನು ತೋರಿಸಿಯೇ ವಾರಂಟಿಯನ್ನು ನಿರಾಕರಿಸಬಹುದೆಂದು ಅಳಿಯನಿಗೆ ಹೇಳಿದೆನು. ಹಳೆಯದು ಇನ್ನೂ ಡಿಕ್ಕಿಯಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟಂತೆಯೇ ಇದೆ.