ಕಾದು ನೋಡುವುದಕ್ಕೆ ಬಿಲ್ಲಿಲ್ಲ

ಸೇಡಂ ತಾಲ್ಲೂಕಿನ ಆದಿತ್ಯನಗರದ ಬಂಧುಗಳ ಮನೆಯಲ್ಲಿ, ಅಡುಗೆಗೆ ಬರುವ ಹೆಣ್ಣುಮಗಳೊಬ್ಬರು ಸ್ಕ್ಯಾನಿಂಗ್ ವರದಿಯನ್ನು ನನ್ನ ಮುಂದಿಟ್ಟರು. ಗರ್ಭಕೋಶದಲ್ಲಿ ಸಣ್ಣ ಫೈಬ್ರಾಯ್ಡ್. ‘ಕ್ಯಾನ್ಸರ್ ಆದೀತು, ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಇದೇ ಭಯ ಬಿತ್ತಿ ಲಂಬಾಣಿ ಮಹಿಳೆಯರಿಗೆ ಅನಗತ್ಯ ಶಸ್ತ್ರಚಿಕಿತ್ಸೆ ಮಾಡಿದ್ದು 2015ರಲ್ಲಿ ಬಯಲಾಗಿತ್ತು.

ಫೈಬ್ರಾಯ್ಡ್ ಎಂಬುದು ಸ್ನಾಯುವಿನ ಗಡ್ಡೆ. ಅದರಲ್ಲಿ ಕ್ಯಾನ್ಸರ್ ತೀರ ವಿರಳ. ತೊಂದರೆ ಕೊಡದಿದ್ದರೆ ಕಾದು ನೋಡಬಹುದು. ಮುಟ್ಟು ನಿಂತ ಬಳಿಕ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ರಕ್ತಸ್ರಾವ ಹೆಚ್ಚಾದರೆ ಮಾತ್ರೆಗಳಿವೆ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ಆದರೆ, ಅರ್ಥಶಾಸ್ತ್ರ ಓದಿದವನ ಸಂಶಯವೆನ್ನಿ, ಕಾದು ನೋಡುವುದಕ್ಕೆ ಯಾರೂ ಬಿಲ್ ಬರೆಯಲಾರರು.

ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಜಿಲ್ಲಾಡಳಿತವು ಪ್ರತಿ ಖಾಸಗಿ ಆಸ್ಪತ್ರೆಯಿಂದ ಗರ್ಭಕೋಶ ತೆಗೆದ ಮಹಿಳೆಯರ ವಯಸ್ಸು, ಕಾರಣ ಸಹಿತ ಮಾಸಿಕ ಲೆಕ್ಕ ಕೇಳಲಿ. ಇನ್ನೊಬ್ಬ ವೈದ್ಯರನ್ನು ಕಾಣುವಂತೆ ಆಕೆಗೆ ಹೇಳಿದ್ದೇನೆ. ಅದಕ್ಕೆ ಒಂದು ದಿನದ ಕೂಲಿ ಬಿಟ್ಟು ಕಲಬುರಗಿಗೆ ಹೋಗಬೇಕು.