ಸಣ್ಣ ಲೋಡರು ಯಂತ್ರವೂ ಯಜಮಾನರ ಹೊಣೆಯೂ

ವ್ಯವಸಾಯಕ್ಕೆ ಆಳುಗಳು ದೊರೆಯುವುದು ದುರ್ಲಭವಾಗುತ್ತಿರುವ ಈ ಕಾಲದಲ್ಲಿ, ಕೊಟ್ಟಿಗೆಯ ಗೊಬ್ಬರವನ್ನು ಬಾಚುವುದಕ್ಕೂ ತೋಟಕ್ಕೆ ಮಣ್ಣು ಹೊಡೆಯುವುದಕ್ಕೂ ‘ಸ್ಕಿಡ್ ಸ್ಟಿಯರ್ ಲೋಡರ್’ ಎಂಬ ಸಣ್ಣ ಯಂತ್ರವನ್ನು ಗಂಟೆಯ ಬಾಡಿಗೆಗೆ ತರಿಸುವುದುಂಟು. ಜನರು ಇದನ್ನು ‘ಬಾಬ್‌ಕ್ಯಾಟ್’ ಎಂದೇ ಕರೆಯುವರು. ಯಂತ್ರವು ಉಪಯುಕ್ತವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದರಿಂದ ಒದಗುವ ಅಪಾಯದ ಹೊಣೆಯೆಲ್ಲವೂ ಚಾಲಕನದೇ, ಜಮೀನಿನ ಯಜಮಾನರದು ಏನೂ ಇಲ್ಲವೆಂಬ ಭಾವನೆಯು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ಯಂತ್ರವು ಹುಟ್ಟಿದುದೇ ರೈತನ ಕೊಟ್ಟಿಗೆಗಾಗಿ. ಅಮೆರಿಕಾ ದೇಶದ ಮಿನ್ನೆಸೋಟ ಸಂಸ್ಥಾನದಲ್ಲಿ ಸಿರಿಲ್ ಕೆಲರ್, ಲೂಯಿ ಕೆಲರ್ ಎಂಬ ಸಹೋದರರು 1957ರಲ್ಲಿ ಟರ್ಕಿ ಕೋಳಿಗಳನ್ನು ಸಾಕುತ್ತಿದ್ದ ಒಬ್ಬ ರೈತನ ಷೆಡ್ಡನ್ನು ಶುಚಿಮಾಡುವುದಕ್ಕೆ ಮೂರು ಚಕ್ರದ ಲೋಡರೊಂದನ್ನು ಕಟ್ಟಿದರು. 1960ರಲ್ಲಿ ಮೆಲ್ರೋ ಕಂಪೆನಿಯವರು ಅದನ್ನು ನಾಲ್ಕು ಚಕ್ರದ ಯಂತ್ರವನ್ನಾಗಿ ಮಾರ್ಪಡಿಸಿದರು. ಇದರ ಚಕ್ರಗಳು ಟ್ರಾಕ್ಟರಿನ ಚಕ್ರಗಳಂತೆ ಪಕ್ಕಕ್ಕೆ ತಿರುಗುವುದಿಲ್ಲ. ಒಂದು ಮಗ್ಗುಲಿನ ಚಕ್ರಗಳು ಮುಂದಕ್ಕೂ ಇನ್ನೊಂದು ಮಗ್ಗುಲಿನವು ಹಿಂದಕ್ಕೂ ಉರುಳಿ, ಯಂತ್ರವು ನಿಂತಲ್ಲಿಯೇ ಜಾರಿ ತಿರುಗುತ್ತದೆ. ಇಕ್ಕಟ್ಟಿನಲ್ಲಿ ಇದೇ ಅದರ ಗುಣ. ಹಿಂದೆ ನಿಂತಿರುವವನಿಗೆ ಇದೇ ಅದರ ಅಪಾಯ.

ಇದಕ್ಕಿಂತ ಘೋರವಾದ ಅಪಾಯವು ಬೇರೊಂದುಂಟು. ಬಹುಪಾಲು ಯಂತ್ರಗಳಲ್ಲಿ ಬಕೆಟ್ಟನ್ನು ಎತ್ತುವ ಎರಡು ತೋಳುಗಳು ಚಾಲಕನ ಎಡಬಲಗಳಲ್ಲಿಯೇ ಏರಿಳಿಯುವುವು. ಅವನು ಹತ್ತಿ ಇಳಿಯಬೇಕಾದುದೂ ಮುಂಭಾಗದಲ್ಲಿ, ಬಕೆಟ್ಟಿನ ಮೇಲೆಯೇ. ತೋಳುಗಳು ಮೇಲಿರುವಾಗ ಅವನು ಹೊರಕ್ಕೆ ಬಗ್ಗಿದರೆ, ಅಥವಾ ಇಳಿಯುವ ಅವಸರದಲ್ಲಿ ಕಾಲು ಹಿಡಿಕೆಗೆ ತಗುಲಿದರೆ, ತೋಳು ಕೆಳಗಿಳಿದು ದೇಹವನ್ನು ಚೌಕಟ್ಟಿಗೆ ಅದುಮಿಬಿಡುವುದು. 1998ರಲ್ಲಿ ಅಮೆರಿಕಾದ ರಾಷ್ಟ್ರೀಯ ವೃತ್ತಿ ಸುರಕ್ಷತಾ ಮತ್ತು ಆರೋಗ್ಯ ಸಂಸ್ಥೆಯವರು ಈ ಒಂದು ಯಂತ್ರವನ್ನು ಕುರಿತೇ ಪ್ರತ್ಯೇಕ ಎಚ್ಚರಿಕೆಯ ಪತ್ರವನ್ನು ಹೊರಡಿಸಿದರೆಂದ ಮೇಲೆ ಇದು ಎಂತಹ ವಿಷಯವೆಂಬುದನ್ನು ಊಹಿಸಬಹುದು.

ಇದನ್ನು ತಪ್ಪಿಸುವುದಕ್ಕಾಗಿಯೇ ತಯಾರಕರು ಆಸನಕ್ಕೆ ಬೆಲ್ಟನ್ನೂ ಚಾಲಕನ ಮುಂದೆ ಅಡ್ಡಸರಳನ್ನೂ ಇಟ್ಟಿರುವರು. ಸರಳು ಮೇಲೆದ್ದೊಡನೆ ತೋಳುಗಳು ಚಲಿಸಕೂಡದೆಂಬುದು ಅದರ ಏರ್ಪಾಡು. ಪದೇ ಪದೇ ಹತ್ತಿ ಇಳಿಯುವ ತೊಂದರೆಗೆ ಬೇಸತ್ತು, ಆ ಏರ್ಪಾಡಿನ ತಂತಿಯನ್ನು ನೇರವಾಗಿ ಜೋಡಿಸಿ ಅದನ್ನು ನಿರರ್ಥಕಗೊಳಿಸುವ ಚಾಲಕರುಂಟು. ಇದನ್ನು ಜಾಣತನವೆಂದು ಎಣಿಸುವ ಬಾಡಿಗೆದಾರರೂ ಇಲ್ಲದಿಲ್ಲ. ಇಂತಹ ಯಂತ್ರವನ್ನು ಜಮೀನಿನೊಳಕ್ಕೆ ಬಿಡಲೇಕೂಡದು. ಪರೀಕ್ಷೆಯು ಸುಲಭವಾಗಿದೆ. ಸಮೀಪದಲ್ಲಿ ಯಾರೂ ಇಲ್ಲದಂತೆ ನೋಡಿಕೊಂಡು, ಬಕೆಟ್ಟು ನೆಲದ ಮೇಲಿರುವಾಗ, ಚಾಲಕನು ಬೆಲ್ಟು ಹಾಕಿಕೊಂಡು ಕುಳಿತು ಸರಳನ್ನು ಮೇಲೆತ್ತಿ ಹಿಡಿಕೆಯನ್ನು ಅಲುಗಿಸಲಿ. ತೋಳುಗಳು ಕದಲಿದರೆ ಯಂತ್ರವನ್ನು ಹಿಂದಕ್ಕೆ ಕಳುಹಿಸತಕ್ಕದ್ದು. ಅರ್ಧ ದಿನದ ಕೆಲಸ ಕೆಡುವುದೆಂದು ಹಿಂಜರಿಯಬಾರದು.

ಗಂಟೆಯ ಲೆಕ್ಕದ ಬಾಡಿಗೆಯೇ ಅನೇಕ ಅನಾಹುತಗಳಿಗೆ ಮೂಲವೆಂದು ನಮಗೆ ತೋರುತ್ತದೆ. ಬದುವಿನ ಮೇಲೆ ನಿಂತು ‘ಬೇಗ, ಬೇಗ’ ಎಂದು ಕೂಗುವ ಯಜಮಾನರಿರುವಲ್ಲಿ ಚಾಲಕನು ಬಕೆಟ್ಟನ್ನು ತುಂಬಿ ತುಳುಕುವಂತೆ ಮಾಡಿ, ಅದನ್ನು ಎತ್ತರದಲ್ಲಿಟ್ಟುಕೊಂಡೇ ಓಡಿಸುವನು. ಚಕ್ರದ ಯಂತ್ರಗಳಿಗೆ ಗೊತ್ತುಪಡಿಸಿರುವ ಭಾರವು, ಅದನ್ನು ಮುಗ್ಗರಿಸಿ ಬೀಳಿಸುವ ಭಾರದಲ್ಲಿ ಅರ್ಧ ಮಾತ್ರ. ಮಳೆಯಲ್ಲಿ ನೆನೆದ ಗೊಬ್ಬರವು ಒಣಗೊಬ್ಬರಕ್ಕಿಂತ ಬಹಳ ತೂಕವಾದುದರಿಂದ ಬೇಸಗೆಯ ಅಳತೆಯು ಮಳೆಗಾಲಕ್ಕೆ ಸಲ್ಲದು. ಇಳಿಜಾರಿನಲ್ಲಿ ಭಾರವಾದ ತುದಿಯು ಯಾವಾಗಲೂ ಮೇಲ್ಗಡೆಗೆ ಇರಬೇಕು. ಬಕೆಟ್ಟು ತುಂಬಿದ್ದರೆ ಮುಂದಾಗಿ ಹತ್ತಿ ಹಿಂದಾಗಿ ಇಳಿಯುವುದು. ಬರಿದಾಗಿದ್ದರೆ ಭಾರವು ಹಿಂದುಗಡೆ ಇರುವುದರಿಂದ ಹಿಂದಾಗಿ ಹತ್ತಿ ಮುಂದಾಗಿ ಇಳಿಯುವುದು. ಇಳಿಜಾರಿಗೆ ಅಡ್ಡಲಾಗಿ ನಡೆಸುವುದು ಸಲ್ಲದು.

ಆದಕಾರಣ ನಮ್ಮ ಸೂಚನೆಯೇನೆಂದರೆ, ಕೆಲಸಕ್ಕೆ ಮೊದಲು ಯಜಮಾನರೂ ಚಾಲಕನೂ ಒಟ್ಟಿಗೆ ಜಮೀನನ್ನು ಸುತ್ತಿ ಬರುವ ಕಾಲಕ್ಕೂ ಬಾಡಿಗೆಯನ್ನು ಕೊಡಬೇಕು. ಮುಚ್ಚಿಹೋದ ಹಾಳುಬಾವಿ, ಗೋಬರ್ ಗ್ಯಾಸಿನ ಗುಂಡಿ, ಕೃಷಿಹೊಂಡದ ಸಡಿಲವಾದ ಏರಿ, ಪಂಪುಸೆಟ್ಟಿಗೆ ಜೋಲಾಡುತ್ತ ಹೋಗಿರುವ ವಿದ್ಯುತ್ ತಂತಿ, ಇವು ಪರಸ್ಥಳದಿಂದ ಬಂದ ಚಾಲಕನಿಗೆ ಹೇಗೆ ತಿಳಿಯಬೇಕು? ಆ ಕಾಲುಗಂಟೆಯ ಹಣವನ್ನು ಉಳಿಸುವುದು ಮಿತವ್ಯಯವಲ್ಲ.

ಗ್ರಾಮದ ಹಿರಿಯರು ಇನ್ನೊಂದು ವಿಷಯದಲ್ಲಿ ತಮ್ಮ ಮಾತಿನ ಬಲವನ್ನು ಉಪಯೋಗಿಸಬೇಕು. ಯಂತ್ರವು ಬಂದಿತೆಂದರೆ ಮಕ್ಕಳು ಗುಂಪು ಕೂಡುವರು. ಚಾಲಕನಿಗೆ ಹಿಂಭಾಗವು ಚೆನ್ನಾಗಿ ಕಾಣುವುದಿಲ್ಲ. ಮಕ್ಕಳನ್ನು ದೂರವಿರಿಸುವುದಕ್ಕೆಂದೇ ಒಬ್ಬರನ್ನು ನಿಲ್ಲಿಸುವುದು ಯುಕ್ತ. ಬಕೆಟ್ಟಿನಲ್ಲಿ ಆಳನ್ನು ನಿಲ್ಲಿಸಿ ಎಳನೀರು ಕೀಳಿಸುವ ವಿನೋದಕ್ಕಂತೂ ಅವಕಾಶವನ್ನೇ ಕೊಡಕೂಡದು.

ಎಣ್ಣೆಯ ಕೊಳವೆಯು ಸೋರುತ್ತಿದ್ದರೆ ಕೈಯಿಂದ ತಡವಿ ನೋಡದೆ ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಒತ್ತಡದ ಎಣ್ಣೆಯು ಚರ್ಮವನ್ನು ತೂರಿ ಒಳಹೊಕ್ಕರೆ ಗಾಯವು ಸೂಜಿಯ ಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯುವುದು ಅವಶ್ಯಕ.

ಕೆಲಸವು ಮುಗಿದ ಮೇಲೆ ಬಕೆಟ್ಟನ್ನು ನೆಲಕ್ಕೆ ಇಳಿಸಿ, ಬ್ರೇಕನ್ನು ಹಾಕಿ, ಎಂಜಿನನ್ನು ನಿಲ್ಲಿಸಿ, ಬೀಗದಕೈಯನ್ನು ತೆಗೆದುಕೊಂಡೇ ಚಾಲಕನು ಇಳಿಯತಕ್ಕದ್ದು. ಯಂತ್ರವು ರಾತ್ರಿ ಜಮೀನಿನಲ್ಲಿಯೇ ಉಳಿಯುವುದಾದರೆ ಆ ಬೀಗದಕೈಯು ಯಜಮಾನರ ಮನೆಯಲ್ಲಿರಲಿ.