ದುರಸ್ತಿ ಯಾರ ಕೈಯದು, ಖರ್ಚು ಯಾರ ತಲೆಯದು?

ರೊಬಸ್ಟಾ ಕುಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಮುಂಗಾರಿಗೆ ಮುಂಚೆ ಎರಡು ಮೂರು ತಿಂಗಳ ಬಿಡುವು ಸಿಗುತ್ತದೆ. ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳ ಲೈನ್ ಮನೆಗಳಲ್ಲಿ ಆಗ ಮನೆ ದುರಸ್ತಿ ಆರಂಭವಾಗುತ್ತದೆ. ವಾರದ ರಜೆಯ ದಿನ ಗಂಡಸರು ಮಾಡು ಹತ್ತಿ ಒಡೆದ ಹೆಂಚು ತೆಗೆಯುತ್ತಾರೆ. ಹೆಂಗಸರು ಕೆಮ್ಮಣ್ಣು ಕಲಸಿ ಗೋಡೆಯ ಬಿರುಕು ಮೆತ್ತುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಸಂತೆಯಿಂದ ಟಾರ್ಪಾಲು ತಂದು ಮಾಡಿನ ಮೇಲೆ ಹೊದಿಸುತ್ತಾರೆ. ಬೇರೆ ಕಡೆ ಕಡಿಮೆ ಖರ್ಚಿನಲ್ಲಿ ತಾವೇ ಮನೆ ದುರಸ್ತಿ ಮಾಡಿಕೊಳ್ಳುವುದು ಒಂದು ಹವ್ಯಾಸವಾಗಿರಬಹುದು. ಅದನ್ನು ಹೇಳಿಕೊಡುವ ಲೇಖನಗಳಿಗೂ ಜಾಹೀರಾತುಗಳಿಗೂ ಬರವಿಲ್ಲ. ನಮ್ಮಲ್ಲಿ ಅದು ಮಳೆಗಾಲ ಕಳೆಯುವ ಪ್ರಶ್ನೆ.

ಮನೆ ದುರಸ್ತಿಯ ಬಗ್ಗೆ ಬುದ್ಧಿ ಹೇಳುವವರು ಮೊದಲು ಒಂದು ಮಾತು ಕೇಳಬೇಕು: ಮನೆ ಯಾರದು? ನಮ್ಮ ಸೀಮೆಯಲ್ಲಿ ಇದಕ್ಕೆ ಮೂರು ಉತ್ತರಗಳಿವೆ. ಕೆಲವರಿಗೆ ಪಟ್ಟೆಯ ಜಾಗವಿದೆ. ಅವರು ಸಾಲವೋ ಸೋಲವೋ ಮಾಡಿ ಗೋಡೆ ಕಟ್ಟಿದರೆ ಅದು ಮಕ್ಕಳಿಗೆ ಉಳಿಯುತ್ತದೆ. ಕೆಲವರು ಪೈಸಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಹಕ್ಕುಪತ್ರಕ್ಕಾಗಿ ಕಚೇರಿ ಸುತ್ತುತ್ತಿದ್ದಾರೆ. ಅವರು ಕಟ್ಟಿದ್ದು ಯಾವ ದಿನ ಉರುಳೀತೋ ಯಾರೂ ಹೇಳಲಾರರು. ಉಳಿದವರು ತೋಟದ ಲೈನಿನಲ್ಲಿ ಇರುವವರು. ಅವರ ಮನೆ ಅವರದಲ್ಲ. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಅವರು ತಮ್ಮ ಕೈಯಿಂದ ಹಾಕಿದ ಒಂದೊಂದು ಹೆಂಚೂ, ತಮ್ಮ ಕೂಲಿಯಿಂದ ತಂದ ಒಂದೊಂದು ಮೂಟೆ ಸಿಮೆಂಟೂ ಮಾಲೀಕರ ಆಸ್ತಿಗೆ ಸೇರುತ್ತದೆ.

ಹಾಗೆಂದು ಸೋರುವ ಮನೆಯಲ್ಲಿ ಕೈಕಟ್ಟಿ ಕೂರಿ ಎಂದು ನಾವು ಹೇಳುವುದಿಲ್ಲ. ಮಳೆ ಕಾನೂನು ನೋಡಿ ಸುರಿಯುವುದಿಲ್ಲ. ಆದುದರಿಂದ ಮೊದಲು ಕೆಲಸದ ಮಾತು, ಆಮೇಲೆ ಹಕ್ಕಿನ ಮಾತು.

ಕಡಿಮೆ ದುಡ್ಡಿನಲ್ಲಿ ಮನೆ ಸರಿಮಾಡುವವನು ಮೇಲಿನಿಂದ ಕೆಳಕ್ಕೆ ಬರಬೇಕು. ಮೊದಲು ಮಾಡು, ನಂತರ ನೀರು ಹರಿಯುವ ಚರಂಡಿ, ಆಮೇಲೆ ಗೋಡೆ, ಅನಂತರ ನೆಲ. ಬಣ್ಣ ಎಲ್ಲಕ್ಕಿಂತ ಕಡೆಗೆ. ಮಾಡು ಸೋರುತ್ತಿರುವಾಗ ಗೋಡೆಗೆ ಹಾಕಿದ ಹಣ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. ಮೂವತ್ತು ಚದರ ಮೀಟರಿನ ಮಾಡಿಗೆ 450 ಹೆಂಚು. ಹತ್ತರಲ್ಲೊಂದು ಒಡೆದಿದ್ದರೆ ಬೇಕಾದದ್ದು 45 ಹೆಂಚು ಮಾತ್ರ. ಇಡೀ ಮಾಡನ್ನು ತಗಡಿಗೆ ಬದಲಾಯಿಸಬೇಕೆಂದು ಹೇಳುವ ಗುತ್ತಿಗೆದಾರನ ಮಾತು ಕೇಳುವ ಮೊದಲು ಈ ಲೆಕ್ಕ ಹಾಕಿರಿ. ಹೆಂಚು ಇಳಿಸಿದಾಗ ಪಕ್ಕಾಸು, ರೀಪುಗಳನ್ನು ಉಳಿಯಿಂದ ಚುಚ್ಚಿ ನೋಡಬೇಕು. ಉಳಿ ಸಲೀಸಾಗಿ ಒಳಗೆ ಹೋದರೆ ಅಲ್ಲಿ ಗೆದ್ದಲು ಹಿಡಿದಿದೆ ಎಂದು ಅರ್ಥ. ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರದ ಹಲಗೆ ಇಂತಹ ಸಣ್ಣ ದುರಸ್ತಿಗೆ ಅಗ್ಗವಾಗಿ ಒದಗುತ್ತದೆ. ಆದರೆ ಅದು ಒಣಗಿರಬೇಕು ಮತ್ತು ನೀರು ತಾಗದ ಜಾಗದಲ್ಲಿರಬೇಕು.

ಆಸ್ಬೆಸ್ಟಾಸ್ ಶೀಟಿನ ಮಾಡಾದರೆ ಎಚ್ಚರವಿರಲಿ. ಹಳೆಯ ಶೀಟನ್ನು ಒಣಗಿದ್ದಾಗ ಗರಗಸದಿಂದ ಕೊಯ್ಯುವುದು, ಒಡೆಯುವುದು, ಉಜ್ಜುವುದು ಮಾಡಬಾರದು. ಅದರ ಧೂಳಿನಲ್ಲಿರುವ ಎಳೆಗಳು ಶ್ವಾಸಕೋಶ ಸೇರಿ ವರ್ಷಗಳ ಮೇಲೆ ಕ್ಯಾನ್ಸರ್‌ನಂತಹ ರೋಗ ತರುತ್ತವೆ. ತೆಗೆಯಲೇಬೇಕಾದರೆ ಚೆನ್ನಾಗಿ ನೆನೆಸಿ, ಮೂಗು ಬಾಯಿ ಮುಚ್ಚಿಕೊಂಡು, ಇಡಿಯಾಗಿಯೇ ಇಳಿಸಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಮಣ್ಣಿನ ಗೋಡೆ ಬೀಳುವುದು ಹೆಚ್ಚಾಗಿ ಬುಡದಿಂದ. ಸೂರಿನ ನೀರು ನೆಲಕ್ಕೆ ಬಿದ್ದು ಎರಚಿ ಗೋಡೆಯ ಬುಡವನ್ನು ತಿನ್ನುತ್ತದೆ; ಹಿಂಬದಿಯ ಗುಡ್ಡದ ನೀರು ಅಡಿಪಾಯಕ್ಕೆ ಇಳಿಯುತ್ತದೆ. ಸೂರನ್ನು ಒಂದೂವರೆ ಎರಡು ಅಡಿ ಮುಂದಕ್ಕೆ ಚಾಚಿ, ಹಿಂದೆ ಒಂದು ಚರಂಡಿ ತೋಡಿ, ಬುಡಕ್ಕೆ ಕಲ್ಲು ಕೂರಿಸಿದರೆ ಅರ್ಧ ದುರಸ್ತಿ ಮುಗಿದಂತೆ. ಇದಕ್ಕೆ ಬೇಕಾದದ್ದು ಹಾರೆ ಗುದ್ದಲಿ. ಅಂಗಡಿಯ ಸಾಮಾನು ಕಡಿಮೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಯುವುದು ಬಹಳ ಕಡೆ ಕಾಣುವ ತಪ್ಪು. ಮಣ್ಣು ತೇವ ಹೀರಿ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಜಗ್ಗುವುದಿಲ್ಲ. ನೀರು ಇವೆರಡರ ನಡುವೆ ಸಿಕ್ಕಿಕೊಂಡು ಮೂರು ನಾಲ್ಕು ಮಳೆಗಾಲದಲ್ಲಿ ಗಾರೆ ಹಾಳೆ ಹಾಳೆಯಾಗಿ ಬಿದ್ದುಹೋಗುತ್ತದೆ, ಜೊತೆಗೆ ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಮಣ್ಣಿಗೆ ಮಣ್ಣೇ ಹೊಂದುತ್ತದೆ. ಅದರ ಮೇಲೆ ಸುಣ್ಣ. ಹಿರಿಯರಿಗೆ ಇದು ತಿಳಿದಿತ್ತು.

ಯಾವ ಮಣ್ಣು ಆದೀತೆಂದು ನೋಡಲು ಇಂಜಿನಿಯರನೇ ಬೇಕಿಲ್ಲ. ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮೊದಲು ಮರಳು ತಳಕ್ಕೆ ಕೂರುತ್ತದೆ, ಅದರ ಮೇಲೆ ನುಣುಪಾದ ಹೂಳು, ಕಡೆಗೆ ಜೇಡಿ. ಜೇಡಿಯೇ ಹೆಚ್ಚಾಗಿದ್ದರೆ ಗೋಡೆ ಬಿರಿಯುತ್ತದೆ, ಮರಳು ಬೆರೆಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಹಳ್ಳಿಗೆ ಒದಗುವ ತಂತ್ರಜ್ಞಾನ ಹುಡುಕುವುದೇ ಅದರ ಕೆಲಸ. ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ ಅಲ್ಲಿಯೇ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ಅಭ್ಯಾಸ ಮಾಡಿದರು. ಇದನ್ನು ಸುಡಬೇಕಿಲ್ಲ, ಸೌದೆ ಉಳಿಯುತ್ತದೆ. ಮೂರು ವಾರ ನೀರು ಹಾಕಿ ಹದ ಮಾಡಿದರೆ ಸಾಕು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಹುಟ್ಟಿದ್ದೂ ಅಲ್ಲಿಯೇ. ಜನರ ತೆರಿಗೆಯಿಂದ ನಡೆದ ಈ ವಿದ್ಯೆ ಬೆಂಗಳೂರಿನ ಸಿರಿವಂತರ ‘ಪರಿಸರ ಸ್ನೇಹಿ’ ಬಂಗಲೆಗಳಿಗೆ ಸಲೀಸಾಗಿ ತಲುಪಿತು. ನಮ್ಮ ಒಂದೊಂದು ಪಂಚಾಯಿತಿಗೂ ಒಂದು ಕೈಯಂತ್ರ ತಲುಪುವುದು ಏಕೆ ಅಷ್ಟು ಕಷ್ಟ?

ಇನ್ನು ಹಕ್ಕಿನ ಮಾತು.

ಕೊಡಗಿನಲ್ಲಿ ಯೂರೋಪಿಯನ್ನರ ಕಾಫಿ ತೋಟ ಆರಂಭವಾದದ್ದು 1854ರಲ್ಲಿ, ಮಡಿಕೇರಿಯ ಬಳಿ. ದೊಡ್ಡ ತೋಟದ ಆಳುಗಳಿಗೆ ಸಾಲು ಮನೆ ಕಟ್ಟುವ ಪದ್ಧತಿಯೂ ಆ ವ್ಯವಸ್ಥೆಯ ಜೊತೆಗೇ ಬೆಳೆಯಿತು. ಮನೆ ಕೊಟ್ಟದ್ದು ದಯೆಯಿಂದಲ್ಲ. ಕುಯ್ಲಿನ ಕಾಲಕ್ಕೆ ಆಳು ಕೈಯಳತೆಯಲ್ಲಿ ಇರಲೆಂದು. ಸ್ವಾತಂತ್ರ್ಯ ಬಂದ ಮೇಲೆ 1951ರ ತೋಟ ಕಾರ್ಮಿಕರ ಕಾಯಿದೆ, ತೋಟದಲ್ಲಿ ವಾಸಿಸುವ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಮನೆ ಒದಗಿಸುವುದು, ಅದನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಕರ್ತವ್ಯವೆಂದು ನೇರವಾಗಿ ಹೇಳಿತು. ಒದಗಿಸುವುದಷ್ಟೇ ಅಲ್ಲ, ಸುಸ್ಥಿತಿಯಲ್ಲಿಡುವುದು ಕೂಡ. ಅಂದರೆ ದುರಸ್ತಿಯ ಖರ್ಚು ಯಾರದೆಂಬ ಪ್ರಶ್ನೆಗೆ ದೇಶದ ಕಾಯಿದೆ ಎಪ್ಪತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿತ್ತು. 1981ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆ ಕುಸಿದು ಕಾರ್ಮಿಕನೋ ಅವನ ಮನೆಯವರೋ ಸತ್ತರೆ ಅಥವಾ ಗಾಯಗೊಂಡರೆ ಮಾಲೀಕ ಪರಿಹಾರ ಕೊಡಬೇಕೆಂದಿತು.

ಈಗ ಆ ಕಾಯಿದೆ ಇಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. 1951ರ ಕಾಯಿದೆ ಅವುಗಳಲ್ಲಿ ಕರಗಿಹೋಯಿತು. ಹೊಸ ಸಂಹಿತೆಯೂ ವಸತಿಯ ಮಾತನ್ನು ಬಿಟ್ಟಿಲ್ಲ. ಕುಡಿಯುವ ನೀರು, ಅಡಿಗೆಮನೆ, ಕಕ್ಕಸುಗಳನ್ನು ಸೇರಿಸಿಯೇ ಹೇಳಿದೆ. ಆದರೆ ಹಿಂದೆ ಕಾಯಿದೆಯೇ ಮಾಲೀಕನ ಮೇಲೆ ಹೊರಿಸಿದ್ದ ಹೊಣೆ ಈಗ ರಾಜ್ಯ ಸರಕಾರ ಮಾಡುವ ನಿಯಮವನ್ನು ಕಾಯಬೇಕಾಗಿದೆ. ಅದಕ್ಕಿಂತ ಮುಖ್ಯವಾಗಿ, ಮಾಲೀಕನು ಈ ಸೌಲಭ್ಯಗಳನ್ನು ತನ್ನ ಹಣದಿಂದಲಾದರೂ ಸರಿ, ಕೇಂದ್ರ, ರಾಜ್ಯ ಅಥವಾ ಪಂಚಾಯಿತಿಯ ಯೋಜನೆಗಳ ಮೂಲಕವಾದರೂ ಸರಿ ಒದಗಿಸಬಹುದು. ಐದು ಹೆಕ್ಟೇರಿಗಿಂತ ದೊಡ್ಡ ತೋಟದ ಯಜಮಾನನ ಹೊಣೆಯನ್ನು ಬೊಕ್ಕಸದ ಹೆಗಲಿಗೆ ಜಾರಿಸಲು ಬಾಗಿಲು ತೆರೆದಂತಾಯಿತಲ್ಲವೇ? ಸರಕಾರದ ದುಡ್ಡಿನಿಂದ ತೋಟದೊಳಗೆ ಮನೆ ಎದ್ದರೆ ಅದು ಯಾರ ಹೆಸರಿಗೆ? ರಾಜ್ಯದ ನಿಯಮ ಇದನ್ನು ಬಿಡಿಸಿ ಹೇಳಬೇಕು.

ತಮ್ಮ ಕೈಯಿಂದ ದುರಸ್ತಿ ಮಾಡಿಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ಸೂಕ್ಷ್ಮವಿದೆ. ಕುಸಿತದ ಪರಿಹಾರದ ಕಲಮಿನಲ್ಲಿ ಎರಡು ವಿನಾಯಿತಿಗಳಿದ್ದುವು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ಪರಿಹಾರದ ಕಲಮು ಮುಂದುವರಿದಿದೆ. ಕುಸಿತಕ್ಕೆ ಮನೆಯಲ್ಲಿದ್ದವರ ತಪ್ಪೇ ಕಾರಣವಾಗಿದ್ದರೆ, ಅಥವಾ ಅದು ಪ್ರಕೃತಿ ವಿಕೋಪದಿಂದಾಗಿದ್ದರೆ, ಮಾಲೀಕ ಹೊಣೆಯಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಕಂಡ ಕೊಡಗಿನಲ್ಲಿ ಯಾವ ಗೋಡೆ ಬಿದ್ದರೂ ಮಳೆಯ ಮೇಲೆ ಹೊರಿಸುವುದು ಸುಲಭ. ಅದೂ ಸಾಲದಿದ್ದರೆ, ‘ಅವನೇ ಗೋಡೆ ಕೆಡವಿ ಕಿಟಕಿ ಇಟ್ಟಿದ್ದ’ ಎಂದರಾಯಿತು. ಆದುದರಿಂದ ಲೈನಿನಲ್ಲಿರುವವರು ಭಾರ ಹೊತ್ತ ಗೋಡೆ, ತೊಲೆಗಳನ್ನು ತಾವಾಗಿ ಮುಟ್ಟಬಾರದು. ಬಿರುಕು, ಸೋರಿಕೆ ಕಂಡ ಕೂಡಲೇ ತೋಟದ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ತಾರೀಖು ಹಾಕಿಸಿ ಪ್ರತಿ ಇಟ್ಟುಕೊಳ್ಳಬೇಕು. ಕೈಯಲ್ಲಿ ಫೋನು ಇದ್ದವರು ಚಿತ್ರ ತೆಗೆದಿಡಲಿ. ಒಬ್ಬನೇ ಬರೆದರೆ ಕಚೇರಿಯವರ ಕಣ್ಣು ಅವನೊಬ್ಬನ ಮೇಲೆ ಬೀಳುತ್ತದೆ. ಇಡೀ ಸಾಲು ಸೇರಿ ಬರೆದರೆ ಹಾಗಾಗುವುದಿಲ್ಲ.

ಮನೆ ಸ್ವಂತದ್ದಾಗಲಿ ಎಂದರೆ ಅಲ್ಲಿಯೂ ಗೋಡೆ ಎದುರಾಗುತ್ತದೆ. ಕರ್ನಾಟಕ ಭೂಸುಧಾರಣಾ ಕಾಯಿದೆಯ 38ನೆಯ ಕಲಮು ಇತರರ ಜಮೀನಿನಲ್ಲಿ ವಾಸಿಸುವ ಕೃಷಿ ಕಾರ್ಮಿಕನಿಗೆ ಅವನ ವಾಸದ ಮನೆಯ ಒಡೆತನ ಕೊಡುತ್ತದೆ. ಅದೇ ಕಾಯಿದೆಯ 104ನೆಯ ಕಲಮು ಆ ಹಕ್ಕು ತೋಟಗಳಿಗೆ ಅನ್ವಯಿಸದೆಂದು ಹೇಳುತ್ತದೆ. ಬಯಲುಸೀಮೆಯ ಕೂಲಿಗೆ ಸಿಗಬಹುದಾದ ಮನೆ ಪಾಲಿಬೆಟ್ಟದ ಕೂಲಿಗೆ ಸಿಗದು. ಏಕೆಂದರೆ ಅವನು ದುಡಿಯುವುದು ರಾಗಿಯ ಹೊಲದಲ್ಲಲ್ಲ, ಕಾಫಿ ಗಿಡದ ಕೆಳಗೆ! 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಸಹಾಯಧನ ಗೊತ್ತುಮಾಡಿದರು. ಆದರೆ ಕಟ್ಟಲು ನಿವೇಶನ ಬೇಕಷ್ಟೆ. ಲೈನಿನಲ್ಲಿ ಹುಟ್ಟಿ ಲೈನಿನಲ್ಲಿ ಸಾಯುವವನು ನಿವೇಶನವನ್ನು ಎಲ್ಲಿಂದ ತರುವುದು?

ಈ ಪ್ರಶ್ನೆಯನ್ನು ಜನ ಬಾಯಿಬಿಟ್ಟು ಕೇಳಿದ್ದೂ ಇಲ್ಲಿಂದ ಬಹಳ ದೂರದಲ್ಲಲ್ಲ. ತೋಟಗಳ ಲೈನುಗಳನ್ನು ಬಿಟ್ಟು ಬಂದ ಯರವ, ಜೇನು ಕುರುಬ, ಬೆಟ್ಟ ಕುರುಬ ಕುಟುಂಬಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದುವು. 2016ರ ಡಿಸೆಂಬರಿನಲ್ಲಿ ಆ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಿದರು. ರಾಜ್ಯವೇ ತಿರುಗಿ ನೋಡುವಂತಹ ಹೋರಾಟ ನಡೆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟ ಮೊದಲಾದ ಕಡೆ ಜಾಗ ತೋರಿಸಿದರು. ಆ ಜನ ಕೇಳಿದ್ದು ಬಂಗಲೆಯಲ್ಲ. ನಾಳೆ ಯಾರೂ ಎಬ್ಬಿಸಲಾರದ ಒಂದು ತುಂಡು ನೆಲ.

‘ತೋಟಗಾರರಿಗೂ ಕಷ್ಟವಿದೆ, ಕಾಫಿ ಬೆಲೆ ಏರಿಳಿಯುತ್ತದೆ, ಕೆಲಸಕ್ಕೆ ಜನವಿಲ್ಲ’ ಎಂಬ ಮಾತನ್ನು ನಾವು ಕೇಳಿದ್ದೇವೆ. ಸಣ್ಣ ಬೆಳೆಗಾರನ ವಿಷಯದಲ್ಲಿ ಅದು ನಿಜ. ನಾಲ್ಕೈದು ಎಕರೆಯ ಬೆಳೆಗಾರನ ಸ್ವಂತ ಮನೆಯೇ ಸೋರುತ್ತಿರಬಹುದು. ಅಂತಹವನಿಗೆ ಸರಕಾರ ನೆರವಾಗಲಿ, ನಮ್ಮ ತಕರಾರಿಲ್ಲ. ಆದರೆ ದೊಡ್ಡ ತೋಟಗಳ ಮಾತು ಬೇರೆ. ಈ ಸೀಮೆಯಲ್ಲಿ ದೊರೆಗಳ ಕಾಲದ ಬಂಗಲೆಗಳು ಈಗಲೂ ನಿಂತಿವೆ. ನೂರು ವರ್ಷ ದಾಟಿದವೂ ಇವೆ. ಪ್ರವಾಸಿಗರಿಗೆ ಅವನ್ನು ಬಾಡಿಗೆಗೆ ಕೊಡುತ್ತಾರೆ. ಆ ಮಾಡುಗಳ ಮೇಲೆ ಬೀಳುವುದೂ ಇದೇ ಮಳೆ. ಒಂದು ನಿಂತು ಇನ್ನೊಂದು ಕುಸಿದರೆ ಅದಕ್ಕೆ ಕಾರಣ ಮಣ್ಣಲ್ಲ, ಮಳೆಯಲ್ಲ. ವರ್ಷ ವರ್ಷವೂ ಒಂದಕ್ಕೆ ಖರ್ಚು ಮಾಡಿದರು, ಇನ್ನೊಂದಕ್ಕೆ ಮಾಡಲಿಲ್ಲ. ಕೆಲಸಕ್ಕೆ ಜನವಿಲ್ಲ ಎನ್ನುವವರು ಜನ ಇರಲು ಮನೆ ಹೇಗಿದೆಯೆಂದೂ ನೋಡಬೇಕು. ಅಸ್ಸಾಂ, ಬಂಗಾಳಗಳಿಂದ ಬಂದವರು ಇಂದು ಅದೇ ಲೈನುಗಳಲ್ಲಿ ತುಂಬಿಕೊಂಡಿದ್ದಾರೆ. ಅವರ ಭಾಷೆ ಬೇರೆ ಇರಬಹುದು. ಸೋರುವ ನೀರು ಒಂದೇ.

ನಮ್ಮ ಬೇಡಿಕೆಗಳು ಸರಳವಾಗಿವೆ. ಪ್ರತಿ ವರ್ಷ ಏಪ್ರಿಲ್ ಮುಗಿಯುವುದರೊಳಗೆ ಕಾರ್ಮಿಕರ ಪ್ರತಿನಿಧಿಗಳನ್ನು ಕೂಡಿಸಿಕೊಂಡು ಲೈನ್ ಮನೆಗಳ ತಪಾಸಣೆ ನಡೆಸಿ, ವಾಸಕ್ಕೆ ಯೋಗ್ಯವಲ್ಲದ ಮನೆಗಳ ಪಟ್ಟಿಯನ್ನು ಪಂಚಾಯಿತಿಯಲ್ಲಿ ಅಂಟಿಸಬೇಕು. ದುರಸ್ತಿಯ ಸಾಮಾನು ತೋಟದ್ದಾಗಿರಬೇಕು. ಕಾರ್ಮಿಕನೇ ಕೈಯಾರೆ ಮಾಡಿದರೆ ಆ ದಿನಕ್ಕೆ ಪೂರ್ತಿ ಕೂಲಿ ಕೊಡಬೇಕು. ಹೊಸ ಸಂಹಿತೆಯ ಕೆಳಗಿನ ರಾಜ್ಯ ನಿಯಮದಲ್ಲಿ ಮನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕನದೇ ಎಂದು ಸ್ಪಷ್ಟವಾಗಿ ಬರೆಯಬೇಕು. ಪಂಚಾಯಿತಿಗೊಂದು ಇಟ್ಟಿಗೆ ಒತ್ತುವ ಯಂತ್ರ, ಅದನ್ನು ಕಲಿಸಲು ಒಬ್ಬ ಮೇಸ್ತ್ರಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತೋಟದಲ್ಲಿ ದುಡಿಯುವ ನಿವೇಶನರಹಿತರಿಗೆ ಪೈಸಾರಿ ಜಾಗದಲ್ಲಿ ನಿವೇಶನ ಕೊಟ್ಟು ಹಕ್ಕುಪತ್ರ ಬರೆದುಕೊಡಬೇಕು. 104ನೆಯ ಕಲಮಿನ ವಿನಾಯಿತಿಯನ್ನು ವಾಸದ ಮನೆಗಳ ಮಟ್ಟಿಗಾದರೂ ತೆಗೆಯಬೇಕು.

ಕಡಿಮೆ ಖರ್ಚಿನಲ್ಲಿ ಮನೆ ಸರಿಮಾಡಿಕೊಳ್ಳುವುದನ್ನು ನಮ್ಮ ಕೂಲಿಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರು ಹುಟ್ಟಿದಾಗಿನಿಂದ ಅದನ್ನೇ ಮಾಡಿದ್ದಾರೆ. ಕಲಿಯಬೇಕಾದವರು ಲೆಕ್ಕ ಬರೆಯುವವರು: ಇಷ್ಟು ವರ್ಷ ಆ ಖರ್ಚು ಯಾರ ಪುಸ್ತಕದಲ್ಲಿ ಬೀಳಬೇಕಾಗಿತ್ತು, ಯಾರ ಹೊಟ್ಟೆಯ ಮೇಲೆ ಬಿತ್ತು ಎಂಬುದನ್ನು. ಮುಂದಿನ ಮಳೆಗೆ ಮುಂಚೆ ಪ್ರತಿಯೊಂದು ಲೈನಿನಿಂದಲೂ ಒಂದೊಂದು ದೂರು ತೋಟದ ಕಚೇರಿಗೂ, ಅದರ ಪ್ರತಿ ಕಾರ್ಮಿಕ ಇಲಾಖೆಗೂ ಹೋಗಲಿ.